ಎಲೆ ತುಂಬಿದ ದುಂಡುಮಲ್ಲಿಗೆಯಲ್ಲಿ ಮೊಗ್ಗೇಕೆ ಕಾಣುತ್ತಿಲ್ಲ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ತಮ್ಮ ತವರಿನಿಂದ ಕಡ್ಡಿ ತಂದು ಹಿತ್ತಿಲಿನಲ್ಲಿ ನೆಟ್ಟ ದುಂಡುಮಲ್ಲಿಗೆಗೆ ಈಗ ನಾಲ್ಕು ವರ್ಷ. ಹೋದ ವರ್ಷ ಯುಗಾದಿಯ ಹೊತ್ತಿಗೆ ದಿನವೂ ಒಂದು ಬೊಗಸೆ ಹೂ ಸಿಗುತ್ತಿತ್ತು. ಈ ಸಲ ಶಿವರಾತ್ರಿ ಕಳೆದರೂ ಒಂದು ಮೊಗ್ಗಿಲ್ಲ. ಎಲೆಗಳೇನೋ ಕಡುಹಸಿರಾಗಿವೆ, ಚಿಗುರುಗಳು ಬಳ್ಳಿಯಂತೆ ಮಾರುದ್ದ ಚಾಚಿಕೊಂಡಿವೆ. ದಿನವೂ ನೀರು ಹಾಕುತ್ತೇನೆ; ತಿಂಗಳಿಗೊಮ್ಮೆ ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಚಮಚ ಯೂರಿಯಾ ಕೊಡುತ್ತೇನೆ. ಬೆಳಿಗ್ಗೆ ಎದ್ದೊಡನೆ ಅತ್ತೆಯವರು ಗಿಡದ ಬಳಿ ಹೋಗಿ ಬರಿಗೈಯಲ್ಲಿ ಹಿಂದಿರುಗುವುದನ್ನು ನೋಡಲಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಬೆಂಗಳೂರಿನಿಂದ)

ನಿಮ್ಮ ಗಿಡಕ್ಕೆ ರೋಗವಿಲ್ಲ, ಆರೈಕೆ ಹೆಚ್ಚಾಗಿದೆ. ದುಂಡುಮಲ್ಲಿಗೆ ಹೂ ಬಿಡುವುದು ಹೊಸ ಕವಲುಗಳ ತುದಿಯಲ್ಲಿ. ಆದ್ದರಿಂದಲೇ ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ, ಆಮೇಲೆ ಗೊಬ್ಬರ ಕೊಟ್ಟು ಎಬ್ಬಿಸುವ ರೂಢಿಯಿದೆ. ಸವರದೆ ಬಿಟ್ಟ ಗಿಡಕ್ಕೆ ಯೂರಿಯಾದ ಸಾರಜನಕವೂ ಸೇರಿದರೆ ಅದು ಎಲೆಯನ್ನೇ ಬೆಳೆಸುತ್ತದೆ. ಬೇಸಿಗೆ ಹತ್ತಿರವಾಗಿರುವುದರಿಂದ ಈಗ ಬುಡದವರೆಗೆ ಕತ್ತರಿಸಬೇಡಿ. ಉದ್ದನೆಯ ಚಿಗುರುಗಳನ್ನು ಮಾತ್ರ ಗೇಣಿನಷ್ಟು, ಒಂದು ಜೋಡಿ ಎಲೆಯ ತುಸು ಮೇಲಕ್ಕೆ, ಹರಿತವಾದ ಕತ್ತರಿಯಿಂದ ತೆಗೆಯಿರಿ. ಆ ಎರಡು ಎಲೆಗಳ ಕಂಕುಳಿನಿಂದ ಎರಡು ಕವಲು ಒಡೆಯುತ್ತವೆ. ಯೂರಿಯಾ ನಿಲ್ಲಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಿ.

ಉತ್ತರ (ಉಡುಪಿಯಿಂದ)

ಮೇಲಿನವರ ಮಾತು ಸರಿಯೇ, ಆದರೆ ನಾನಾಗಿದ್ದರೆ ಕತ್ತರಿಗಿಂತ ಮೊದಲು ಬಿಸಿಲನ್ನು ನೋಡುತ್ತಿದ್ದೆ. ಚಿಗುರು ಮಾರುದ್ದ ಚಾಚುವುದು ಹೆಚ್ಚಾಗಿ ನೆರಳಿನ ಲಕ್ಷಣ. ನಮ್ಮ ಶಂಕರಪುರದ ಕಡೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಿಡಿದು ಮಲ್ಲಿಗೆ ಮಾರುವ ಮನೆಗಳಿವೆ. ಅಲ್ಲಿ ಯಾರೂ ಗಿಡವನ್ನು ಮರದಡಿಯಲ್ಲಿ ಬೆಳೆಸುವುದಿಲ್ಲ. ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಮೊಗ್ಗು ಬಂದ ಮೇಲೆ ಅದು ನೇರಳೆ ಬಣ್ಣಕ್ಕೆ ತಿರುಗಿ ತೂತು ಕಂಡರೆ ಮೊಗ್ಗು ಕೊರೆಯುವ ಹುಳು ಬಿದ್ದಿದೆಯೆಂದು ತಿಳಿದು, ಅಂಥ ಮೊಗ್ಗುಗಳನ್ನು ಕಿತ್ತು ನಾಶಮಾಡಿ, ಬೇವಿನ ಎಣ್ಣೆಯ ದ್ರಾವಣವನ್ನು ಸಂಜೆ ಸಿಂಪಡಿಸಿ.

ಪ್ರಶ್ನೆ ಕೇಳಿದವರಿಂದ, ನಾಲ್ಕು ವಾರಗಳ ನಂತರ

ಇಬ್ಬರಿಗೂ ಕೃತಜ್ಞತೆಗಳು. ಹೋಗಿ ನೋಡಿದರೆ, ಕಳೆದ ಮಳೆಗಾಲದಲ್ಲಿ ಎತ್ತರವಾದ ನಮ್ಮದೇ ನುಗ್ಗೆಮರ ಹತ್ತು ಗಂಟೆಯ ನಂತರದ ಬಿಸಿಲನ್ನೆಲ್ಲ ತಡೆಯುತ್ತಿತ್ತು. ಅದರ ಎರಡು ಕೊಂಬೆಗಳನ್ನು ಕಡಿಸಿ, ಮಲ್ಲಿಗೆಯ ತುದಿಗಳನ್ನೂ ಸವರಿದೆ. ಕತ್ತರಿಸಿದ ಕಡೆಯಲ್ಲೆಲ್ಲ ತಿಳಿಹಸಿರಿನ ಜೋಡಿ ಕವಲು ಮೂಡಿವೆ. ಇಂದು ಬೆಳಿಗ್ಗೆ ಅವುಗಳಲ್ಲೊಂದರ ತುದಿಯಲ್ಲಿ ಸಬ್ಬಕ್ಕಿಯ ಗಾತ್ರದ ಮೂರು ಮೊಗ್ಗುಗಳನ್ನು ಅತ್ತೆಯವರೇ ಮೊದಲು ಕಂಡು, ನನ್ನನ್ನು ಕೂಗಿ ಕರೆದು ತೋರಿಸಿದರು.