ಜಿಟಿಎ 5ರಲ್ಲಿ ನಮ್ಮ ಮನೆಯ ಓಮ್ನಿ: ನೋಡಲು ಅದೇ, ಓಟ ಮಾತ್ರ ಬೇರೆ

ತೋಟದಮನೆ_ಶಿರಸಿ:

ಎಲ್ಲರಿಗೂ ನಮಸ್ಕಾರ. ಜಿಟಿಎ 5 ಎಂಬ ಕಂಪ್ಯೂಟರ್ ಆಟದಲ್ಲಿ ನಮ್ಮ ಹಳೆಯ ಓಮ್ನಿ ವ್ಯಾನ್ ಓಡಿಸಬೇಕೆಂದು ಮೂರು ವಾರದಿಂದ ಒಂದೇ ಕೆಲಸ ಹಿಡಿದು ಕೂತಿದ್ದೇನೆ, ಮುಂದೆ ದಾರಿ ಕಾಣುತ್ತಿಲ್ಲ.

ನಮ್ಮ ಮನೆಯಲ್ಲಿ ಹದಿನಾರು ವರ್ಷ ಒಂದು ಬಿಳಿ ಮಾರುತಿ ಓಮ್ನಿ ಇತ್ತು. ಹಿಂದಿನ ಸೀಟು ಬಿಚ್ಚಿಟ್ಟು, ಚಾಲಿ ಅಡಿಕೆಯ ಚೀಲ ತುಂಬಿಕೊಂಡು ಅಪ್ಪ ಶಿರಸಿ ಪೇಟೆಗೆ ಹೋಗುತ್ತಿದ್ದರು. ಮಾರಿಕಾಂಬಾ ಜಾತ್ರೆಗೆ ಅದೇ ಗಾಡಿಯಲ್ಲಿ ಮನೆಮಂದಿಯೆಲ್ಲ ಒತ್ತಿಕೊಂಡು ಹೋಗಿದ್ದೇವೆ. ಹೋದ ವರ್ಷ ಮಾರಿದೆವು. ಆಟದಲ್ಲಾದರೂ ಅದನ್ನು ಮತ್ತೊಮ್ಮೆ ಓಡಿಸಬೇಕು, ಅಪ್ಪನಿಗೆ ತೋರಿಸಬೇಕು ಎಂಬ ಆಸೆಯಿಂದ ಆಟದ ಹಳೆಯ (ಲೆಗಸಿ) ಆವೃತ್ತಿಗೆ ಓಮ್ನಿ ಮಾಡ್ (ಆಟವನ್ನು ಬದಲಿಸಲು ಹೊರಗಿನವರು ಮಾಡಿದ ಫೈಲುಗಳು) ಹಾಕಿದ್ದೇನೆ.

ಮಾಡೆಲ್ ಬಹಳ ಚೆನ್ನಾಗಿದೆ. ಜಾರುವ ಬಾಗಿಲಿನ ಹಳಿ ಕೂಡ ಇದೆ. ನಮ್ಮ ಗಾಡಿಯ ಎಡಗಡೆಯಲ್ಲಿ ಗೇಟಿಗೆ ಉಜ್ಜಿ ಆದ ಉದ್ದನೆಯ ಗೀರು ಇತ್ತು. ಹಳೆಯ ಫೋಟೋ ಎದುರಿಗಿಟ್ಟುಕೊಂಡು ಅದನ್ನೂ ಟೆಕ್ಸ್ಚರಿನಲ್ಲಿ, ಅಂದರೆ ಮಾಡೆಲಿನ ಮೈಗೆ ಹೊದಿಸುವ ಚಿತ್ರದಲ್ಲಿ, ಬಿಡಿಸಿದೆ. ಓಪನ್‌ಐವಿಯಲ್ಲಿ (ಆಟದ ಫೈಲುಗಳನ್ನು ತಿದ್ದುವ ಸಾಧನ) ಮಾಡ್ಸ್ ಫೋಲ್ಡರ್ ಮಾಡಿ, ಆಡ್-ಆನ್ ಆಗಿ, ಅಂದರೆ ಆಟದ ಗಾಡಿಗಳನ್ನು ಬದಲಿಸದೆ ಹೊಸದಾಗಿ, ಸೇರಿಸಿ, ಡಿಎಲ್‌ಸಿಲಿಸ್ಟ್ ಫೈಲಿಗೆ ಸಾಲು ಬರೆದಿದ್ದೇನೆ. ಬೇಕಾದ ಗಾಡಿ ತರಿಸುವ ಟ್ರೇನರ್ ಎಂಬ ಮಾಡಿನಲ್ಲಿ ಹೆಸರು ಕೊಟ್ಟರೆ ಗಾಡಿ ಎದುರಿಗೆ ಬಂದು ನಿಲ್ಲುತ್ತದೆ.

ಆದರೆ ಹೊರಟಿತೆಂದರೆ ಅದು ಓಮ್ನಿಯಲ್ಲ. ಆಟದಲ್ಲಿರುವ ಬೆಟ್ಟ ಮೌಂಟ್ ಚಿಲಿಯಾಡಿನ ಮಣ್ಣಿನ ಏರನ್ನು ಗುಂಡು ಹಾರಿದ ಹಾಗೆ ಹತ್ತುತ್ತದೆ. ತಿರುವಿನಲ್ಲಿ ಮೈ ವಾಲುವುದೇ ಇಲ್ಲ. ಸದ್ದೂ ರೇಸ್ ಕಾರಿನದು. ಗಾಡಿಯ ಓಟದ ಅಂಕಿಗಳಿರುವ ಹ್ಯಾಂಡ್ಲಿಂಗ್ ಮೆಟಾ ಫೈಲಿನಲ್ಲಿ ತೂಕವನ್ನು 785 ಕೆಜಿಗೆ ಇಳಿಸಿದೆ, ಗೇರುಗಳನ್ನು 4 ಮಾಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಇನ್ನೊಂದು ತೊಂದರೆ: ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಮುಂದಿನ ರಸ್ತೆಯೇ ಮಾಯವಾಗಿ ಗಾಡಿ ಕೆಳಗೆ ಬೀಳುತ್ತದೆ. ಗ್ರಾಫಿಕ್ಸ್ ಕಾರ್ಡ್ 4 ಜಿಬಿಯದು. ತಿಳಿದವರು ದಯವಿಟ್ಟು ಹೇಳಿ.

ಕೋಡಿಬಾಗ_ಕಾರವಾರ:

ತೂಕ, ಗೇರು ಎರಡನ್ನೂ ಬದಲಿಸಿ ಏನೂ ಆಗಲಿಲ್ಲವೆಂದರೆ ಆಟ ಆ ಅಂಕಿಗಳನ್ನು ಓದುತ್ತಲೇ ಇಲ್ಲ. ಮಾಡಿನಲ್ಲೇ ಇರುವ ವೆಹಿಕಲ್ಸ್ ಮೆಟಾ ಫೈಲ್ ತೆರೆದು ಹ್ಯಾಂಡ್ಲಿಂಗ್ ಐಡಿ ಎಂಬ ಸಾಲು ಹುಡುಕಿ. ಅಲ್ಲಿರುವ ಹೆಸರೂ ಹ್ಯಾಂಡ್ಲಿಂಗ್ ಮೆಟಾದಲ್ಲಿರುವ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಮಾಡೆಲ್ ತಯಾರಿಸುವವರು ಆಟದ ಬೇರೊಂದು ಕಾರಿನ ಸಾಲುಗಳನ್ನು ನಕಲು ಮಾಡಿ, ಈ ಒಂದು ಹೆಸರನ್ನು ಹಾಗೆಯೇ ಬಿಟ್ಟಿರುತ್ತಾರೆ. ಅದೇ ಫೈಲಿನಲ್ಲಿ ಆಡಿಯೋ ನೇಮ್ ಹ್ಯಾಶ್ ಇದೆ, ಸದ್ದು ಬರುವುದು ಅದರಿಂದ. ಅಲ್ಲಿ ಸರ್ಫರ್ ಎಂದು ಹಾಕಿ ನೋಡಿ, ಅದು ಆಟದಲ್ಲೇ ಇರುವ ಹಳೆಯ ವ್ಯಾನ್.

ರಸ್ತೆ ಮಾಯವಾಗುವುದು ಟೆಕ್ಸ್ಚರಿನ ಭಾರದಿಂದ. ಬಹುಶಃ ಎಲ್ಲವೂ ಒಂದು ಬದಿಗೆ 4096 ಪಿಕ್ಸೆಲ್ ಅಳತೆಯಲ್ಲಿವೆ. 1024ಕ್ಕೆ ಇಳಿಸಿದರೆ ಪಿಕ್ಸೆಲ್‌ಗಳು ಹದಿನಾರರಲ್ಲಿ ಒಂದು ಪಾಲಾಗುತ್ತವೆ. ಸೀಟಿನ ಬಟ್ಟೆಗೆ, ಟಯರಿಗೆ ಅಷ್ಟು ಧಾರಾಳ ಸಾಕು. ನಿಮ್ಮ ಗೀರು ಇರುವ ಮೈಯನ್ನು ಮಾತ್ರ 2048ರಲ್ಲಿ ಉಳಿಸಿಕೊಳ್ಳಿ, ಅದನ್ನು ಮಸುಕು ಮಾಡಬೇಡಿ.

ಇನ್ನೊಂದು ಮಾತು. 2024ರ ಸೆಪ್ಟೆಂಬರಿನಲ್ಲಿ ಆಟದ ಮೋಸ ತಡೆಯುವ ತಂತ್ರಾಂಶ ಬ್ಯಾಟಲ್‌ಐ ಬಂದ ಮೇಲೆ, ಲಾಂಚರಿನಲ್ಲಿ ಅದನ್ನು ಬಂದ್ ಮಾಡಿಯೇ ಮಾಡ್ ಬಳಸಬೇಕು. ಆಡುವುದು ಸ್ಟೋರಿ ಮೋಡಿನಲ್ಲಿ ಮಾತ್ರ. ಆನ್‌ಲೈನಿಗೆ ಈ ಫೋಲ್ಡರ್ ಇಟ್ಟುಕೊಂಡು ಹೋಗಲೇಬೇಡಿ, ಖಾತೆ ಹೋಗಬಹುದು.

ತೋಟದಮನೆ_ಶಿರಸಿ:

ಸಿಕ್ಕಿತು! ಹ್ಯಾಂಡ್ಲಿಂಗ್ ಐಡಿಯಲ್ಲಿ ಆ್ಯಡರ್ ಎಂದಿತ್ತು, ಆಟದ ಸೂಪರ್ ಕಾರು. ಹೆಸರು ತಿದ್ದಿದೆ. ಟೆಕ್ಸ್ಚರ್ ಇಳಿಸಿದ ಮೇಲೆ ಒಂದು ಗಂಟೆ ಓಡಿಸಿದೆ, ರಸ್ತೆ ಎಲ್ಲೂ ಹೋಗಲಿಲ್ಲ. ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಈಗ ಉಳಿದದ್ದು ಓಟದ ಹದ. ತಿರುವಿನಲ್ಲಿ ವಾಲಲಿ ಎಂದು ಭಾರಕೇಂದ್ರವನ್ನು ಮೇಲೆತ್ತಿದರೆ ಪ್ರತಿ ತಿರುವಿನಲ್ಲೂ ಮಗುಚುತ್ತದೆ.

ಘಟ್ಟದಕೆಳಗೆ_ಕುಮಟಾ:

ತಮ್ಮಾ, ನಾನು ಹನ್ನೊಂದು ವರ್ಷ ಓಮ್ನಿಯಲ್ಲಿ ಕುಮಟಾದ ಸಿಹಿ ಈರುಳ್ಳಿಯನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತಂದವನು. ಈಗ ಮಗನ ಜೊತೆ ಕೂತು ಈ ಆಟ ಆಡುತ್ತೇನೆ. ಭಾರಕೇಂದ್ರ ಮುಟ್ಟಬೇಡ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ, ಅಂದರೆ ಭಾರ ನೀನು ಎಣಿಸಿದಷ್ಟು ಮೇಲಿಲ್ಲ. ಘಟ್ಟ ಹತ್ತುವಾಗ ಸೀಟು ಬೆಚ್ಚಗಾಗಿ ತೊಡೆಗೆ ತಾಗುತ್ತಿದ್ದದ್ದು ನಿನಗೂ ನೆನಪಿರಬೇಕು. ಗಾಡಿ ವಾಲುವುದು ಸ್ಪ್ರಿಂಗ್ ಮೆತ್ತಗಿರುವುದರಿಂದ. ಆದ್ದರಿಂದ ವಾಲದಂತೆ ತಡೆಯುವ ಆಂಟಿ ರೋಲ್ ಬಾರ್ ಅಂಕಿಯನ್ನು ಮೊದಲು ಅರ್ಧ ಮಾಡು, ಸ್ಪ್ರಿಂಗಿನ ಬಿಗಿಯ ಅಂಕಿ ಸಸ್ಪೆನ್ಶನ್ ಫೋರ್ಸ್ ಸ್ವಲ್ಪ ಇಳಿಸು.

ಡ್ರೈವ್ ಬಯಸ್ ಫ್ರಂಟ್ ಸೊನ್ನೆ ಇರಲಿ, ಎಳೆಯುವುದು ಹಿಂದಿನ ಚಕ್ರ. ಹನ್ನೆರಡು ಇಂಚಿನ ಸಣ್ಣ ಚಕ್ರ ಬೇರೆ. ಮಳೆಗಾಲದಲ್ಲಿ ಖಾಲಿ ಗಾಡಿಯ ಹಿಂಭಾಗ ತಿರುವಿನಲ್ಲಿ ಸರಕ್ಕನೆ ಜಾರುತ್ತಿತ್ತು, ನಾಲ್ಕು ಮೂಟೆ ಬಿದ್ದರೆ ನೆಲ ಕಚ್ಚುತ್ತಿತ್ತು. ಅದಕ್ಕೆ ಚಕ್ರದ ಹಿಡಿತದ ಅಂಕಿ ಟ್ರ್ಯಾಕ್ಷನ್ ಮ್ಯಾಕ್ಸ್ 1.7ರ ಹತ್ತಿರ ಇಟ್ಟುಕೊ. ಎಂಜಿನ್ ಎಳೆತದ ಅಂಕಿ ಡ್ರೈವ್ ಫೋರ್ಸ್ 0.13, ಗರಿಷ್ಠ ವೇಗದ ಅಂಕಿ 90. 796 ಸಿಸಿಯ ಎಂಜಿನ್ನಿಗೆ ಅದಕ್ಕಿಂತ ಹೆಚ್ಚು ಕೊಟ್ಟರೆ ಸುಳ್ಳಾಗುತ್ತದೆ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸು, ಅದೇ ತಿರುವಿನಲ್ಲಿ ಓಡಿಸಿ ನೋಡು, ಆಮೇಲೆ ಮುಂದಿನದು.

ತೋಟದಮನೆ_ಶಿರಸಿ:

ಅಣ್ಣಾ, ನಿಮ್ಮ ಅಂಕಿಗಳನ್ನೇ ಹಾಕಿದೆ. ಡ್ರೈವ್ ಫೋರ್ಸ್ ಮಾತ್ರ 0.14 ಮಾಡಬೇಕಾಯಿತು, ಚಿಲಿಯಾಡಿನ ಕೊನೆಯ ಏರಿನಲ್ಲಿ ನಿಂತೇ ಬಿಡುತ್ತಿತ್ತು. ನಿನ್ನೆ ರಾತ್ರಿ ಊಟವಾದ ಮೇಲೆ ಅಪ್ಪನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲು ಬಾಗಿಲಿನ ಗೀರು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಏರಿನಲ್ಲಿ ಗಾಡಿ ನಿಧಾನವಾದಾಗ ಅವರ ಎಡಗೈ ತಾನಾಗಿಯೇ ಮುಂದೆ ಹೋಯಿತು. "ಎರಡನೇ ಗೇರಿಗೆ ಹಾಕು, ಎಳೆಯುತ್ತಿಲ್ಲ ಅದು" ಎಂದರು.

ಆಟದಲ್ಲಿ ಗೇರು ತಾನೇ ಬೀಳುತ್ತದೆ. ಕೈಯಿಂದ ಗೇರು ಹಾಕುವಂತೆ ಮಾಡುವ ಮಾಡ್ ಇದೆಯಲ್ಲ, ಅದನ್ನು ಸಾಧಾರಣ ಕೀಬೋರ್ಡಿನಲ್ಲಿ ಯಾರಾದರೂ ಬಳಸಿದ್ದೀರಾ? ಅಪ್ಪ ಭಾನುವಾರ ಮತ್ತೆ ಕೂರುತ್ತೇನೆ ಎಂದಿದ್ದಾರೆ.