ನಂದಿ ಹಾಲ್ಟ್ ನಿಲ್ದಾಣ ಯಾವ ಕಾಲದ್ದು?

ಪ್ರಶ್ನೆ: ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ಈ ಹಳೆಯ ಕಟ್ಟಡವನ್ನು ನೋಡಿ ಬಂದೆ. ಇಷ್ಟು ಪುಟ್ಟ ನಿಲ್ದಾಣಕ್ಕೆ ಇಂಥ ಗಟ್ಟಿ ಗೋಡೆ ಏಕೆ ಬೇಕಿತ್ತು? ಬಲ್ಲವರು ತಿಳಿಸಿ.

ಉತ್ತರ: ಮೈಸೂರು ಸಂಸ್ಥಾನದ ಕಾಲದ್ದು ಸ್ವಾಮಿ. ಮಾರ್ಗ ಶುರುವಾದದ್ದು 1915ರಲ್ಲಿ. ಆಗ ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಮುಂದೆ ಅದೇ ಕಿರುಹಳಿ ಚಿಕ್ಕಬಳ್ಳಾಪುರ, ಕೋಲಾರದ ಮೂಲಕ ಬಂಗಾರಪೇಟೆಯವರೆಗೂ ಹೋಗುತ್ತಿತ್ತು. ಗೋಡೆಯ ಗುಟ್ಟೇನೂ ದೊಡ್ಡದಲ್ಲ, ನಂದಿಬೆಟ್ಟದ ಸೀಮೆಯಲ್ಲಿ ಕಲ್ಲಿಗೆ ಬರವೇ? ಮೇಲೆ ಮಂಗಳೂರು ಹೆಂಚು, ಕೆಳಗೆ ಮರದ ತೊಲೆ. ಈಗಿನ ತಗಡಿನ ನಿಲ್ದಾಣಗಳಲ್ಲಿ ಮಧ್ಯಾಹ್ನ ಕುಳಿತವರಿಗೆ ಅದರ ಬೆಲೆ ಗೊತ್ತು!

ಇನ್ನೊಬ್ಬರು: ದೇವನಹಳ್ಳಿ, ದೊಡ್ಡಜಾಲ, ಆವತಿಹಳ್ಳಿಯ ನಿಲ್ದಾಣಗಳನ್ನೂ ನೋಡಿ. ಇವುಗಳ ಜೀರ್ಣೋದ್ಧಾರಕ್ಕೂ ಹಳೆಯ ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ಕೈಹಾಕಿದ್ದಾರೆ.

ಪ್ರಶ್ನೆ ಕೇಳಿದವರು: ಹಾಗಾದರೆ ಕೋಲಾರದ ಕಡೆ ದೊಡ್ಡ ಹಳಿ ಬಂದದ್ದು ಯಾವಾಗ?

ಉತ್ತರ: ಚಿಕ್ಕಬಳ್ಳಾಪುರ–ಕೋಲಾರ ನಡುವೆ 2013ರಲ್ಲಿ.