ಹಳೇ ಮಾರುತಿ 800ಗೆ ಇ20 ಪೆಟ್ರೋಲ್: ಮಳೆಗಾಲ ಕಳೆದ ಮೇಲೆ ಏರು ಹತ್ತುತ್ತಿಲ್ಲ

ಪ್ರಶ್ನೆ, ಮೂಡಿಗೆರೆ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು 1997ರ ಮಾರುತಿ 800, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ. ಅಪ್ಪ ತಗೊಂಡಿದ್ದು, ಕೊಡೋಕೆ ಮನಸ್ಸಿಲ್ಲ. ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು, ಟ್ಯಾಂಕಿನಲ್ಲಿ ಅರ್ಧದಷ್ಟು ಇ20, ಅಂದ್ರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, ಇತ್ತು. ಈಗ ಸ್ಟಾರ್ಟ್ ಆಗೋಕೆ ತುಂಬಾ ಹೊತ್ತು ಬೇಕು. ತೋಟದ ಏರಿನಲ್ಲಿ ಜಗ್ಗಿ ಜಗ್ಗಿ ಆಫ್ ಆಗುತ್ತದೆ. ಬೆಳಿಗ್ಗೆ ಶೆಡ್ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಮೆಕ್ಯಾನಿಕ್ ನೋಡಿ, "ಎಥನಾಲ್ ಎಲ್ಲಾ ತಿಂದುಹಾಕಿದೆ, ಕಾರ್ಬುರೇಟರೇ ಬದಲಾಯಿಸಿ" ಅಂತಾರೆ. ನಿಜವಾ? ಮಾರಿಬಿಡೋದೇ ವಾಸಿನಾ?

ಉತ್ತರ, ಸಕಲೇಶಪುರದಿಂದ

ಮಾರಬೇಡಿ ಸರ್. ಆದರೆ ವಾಸನೆ ಬರ್ತಿದೆ ಅಂದ್ರಲ್ಲ, ಅದನ್ನು ಸರಿಮಾಡುವ ತನಕ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ ಹತ್ತುತ್ತದೆ.

ಹಳೇ ಗಾಡಿಯಲ್ಲಿ ಎಥನಾಲ್ ಮೊದಲು ಕೆಡಿಸುವುದು ರಬ್ಬರನ್ನು. ಪೈಪು, ಪಂಪಿನೊಳಗಿನ ಡಯಾಫ್ರಮ್ (ಪೆಟ್ರೋಲ್ ಎಳೆಯುವ ರಬ್ಬರ್ ಪರದೆ), ಸೀಲು, ಇವೆಲ್ಲ ಉಬ್ಬಿ ಮೆತ್ತಗಾಗುತ್ತವೆ, ಆಮೇಲೆ ಬಿರುಕು ಬಿಡುತ್ತವೆ. ಏಪ್ರಿಲ್ 2023ರ ನಂತರ ತಯಾರಾದ ಗಾಡಿಗಳಲ್ಲಿ ಇ20ಗೆ ತಡೆಯುವ ರಬ್ಬರ್ ಇರುತ್ತದೆ, ನಮ್ಮ ಕಾಲದ ಗಾಡಿಗಳಲ್ಲಿ ಇಲ್ಲ. ಪೈಪನ್ನು ಎರಡು ಬೆರಳಲ್ಲಿ ಬಗ್ಗಿಸಿ ನೋಡಿ. ಸಣ್ಣ ಗೆರೆಗಳು ಬಾಯಿ ಬಿಟ್ಟರೆ ಅಲ್ಲೇ ಸೋರುತ್ತಿದೆ ಅಂತ ಲೆಕ್ಕ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಪೈಪನ್ನೂ ಮರೆಯಬೇಡಿ. ಹೊಸದು ಹಾಕುವಾಗ 30ಆರ್9 (ಎಥನಾಲ್ ತಡೆಯುವ ಪೈಪಿನ ಗುರುತು) ಅಂತ ಅಚ್ಚಿರುವ ಪೈಪ್ ಕೇಳಿ, ಸುಮ್ನೆ ಅಗ್ಗದ್ದು ಬೇಡ.

ಆಮೇಲೆ ನೀರು. ಎಥನಾಲ್ ತೇವ ಹೀರುತ್ತದೆ. ಸ್ವಲ್ಪ ತೇವ ಇದ್ದರೆ ಪೆಟ್ರೋಲ್ ಜೊತೆ ಸೇರಿ ಉರಿದುಹೋಗುತ್ತದೆ, ತೊಂದರೆ ಇಲ್ಲ. ಜಾಸ್ತಿಯಾದರೆ ಎಥನಾಲ್ ನೀರಿನ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪು ಎಳೆಯುವುದೂ ತಳದಿಂದಲೇ ಅಲ್ವಾ? ನಮ್ಮ ಮಳೆಗೆ ಟ್ಯಾಂಕ್ ಮುಚ್ಚಳದ ರಬ್ಬರ್ ಸವೆದಿದ್ದರೆ ಸಾಕು, ನೀರು ಸೇರಿಬಿಡುತ್ತದೆ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ, ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ಮೇಲೆ ಹೊಸ ಪೆಟ್ರೋಲ್ ಸುರಿದರೆ ತಳದ್ದು ಸರಿಹೋಗುವುದಿಲ್ಲ.

ಪ್ರಶ್ನೆ ಕೇಳಿದವರು

ನೋಡಿದೆ ಸರ್. ಪಂಪಿನ ಹತ್ತಿರದ ಪೈಪ್ ಮುಟ್ಟಿದರೆ ಕೈಗೆ ಕಪ್ಪು ಅಂಟುತ್ತದೆ, ಒಂದು ಕಡೆ ಸೀಳಿತ್ತು. ಬಾಟಲಿಯ ತಳದಲ್ಲಿ ಮಬ್ಬು ಪದರ ಸ್ಪಷ್ಟವಾಗಿ ಕಾಣಿಸಿತು. ಪೈಪುಗಳು, ಡಯಾಫ್ರಮ್, ಫಿಲ್ಟರ್ ಬದಲಾಯಿಸಿ ಟ್ಯಾಂಕ್ ತೊಳೆಸಿದೆ. ವಾಸನೆ ಹೋಯಿತು, ಸ್ಟಾರ್ಟಿಂಗ್ ಚೆನ್ನಾಗಿದೆ. ಏರಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಸೊರಗುತ್ತದೆ.

ಉತ್ತರ, ಚಿಕ್ಕಮಗಳೂರಿನಿಂದ

ಎಂಜಿನ್ ಬಿಸಿಯಾದ ಮೇಲೆ ಅದೇ ಏರಿನಲ್ಲಿ ಚೋಕ್ (ಗಾಳಿ ಕಮ್ಮಿ ಮಾಡುವ ಗುಬ್ಬಿ) ಸ್ವಲ್ಪ ಎಳೆದು ನೋಡಿ. ಎಳೆತ ಸುಧಾರಿಸಿದರೆ ಮಿಕ್ಸ್ಚರ್ ಲೀನ್ ಆಗಿದೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗಿದೆ ಅಂತ ಅರ್ಥ. ಎಥನಾಲ್ ತನ್ನಲ್ಲೇ ಆಕ್ಸಿಜನ್ ಇಟ್ಟುಕೊಂಡಿರುತ್ತದೆ. ಬರೀ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಇದನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಕಾರ್ಬುರೇಟರಿಗೆ ಅದು ಗೊತ್ತಾಗೋದಿಲ್ಲ. ಮೊದಲು ಕಾರ್ಬುರೇಟರ್ ಬಿಚ್ಚಿ ತೊಳೆಸಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿನಲ್ಲಿ ಕಸ ಕೂತಿದ್ದರೂ ಹೀಗೇ ಆಗುತ್ತದೆ. ಆಮೇಲೂ ಹಾಗೇ ಇದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ. ಕಾರ್ಬುರೇಟರ್ ಬದಲಾಯಿಸುವ ಖರ್ಚು ದಂಡ.

ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ಲೀಟರ್ ಲೆಕ್ಕದಲ್ಲಿ ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ. 16 ಕೊಡುತ್ತಿದ್ದ ಗಾಡಿ 15ರ ಆಸುಪಾಸು ಕೊಟ್ಟರೆ ಗಾಬರಿ ಬೇಡ. 12ಕ್ಕೆ ಇಳಿದರೆ ಎಥನಾಲ್ ಮೇಲೆ ಹಾಕಬೇಡಿ, ಪ್ಲಗ್ಗು, ಬ್ರೇಕ್ ಬಿಡದೆ ಹಿಡಿದುಕೊಂಡಿದೆಯಾ, ಟೈರ್ ಗಾಳಿ ನೋಡಿ.

ಹೊಸ ಫಿಲ್ಟರನ್ನು ಒಂದೆರಡು ತಿಂಗಳಲ್ಲಿ ಇನ್ನೊಮ್ಮೆ ನೋಡಿ. ಎಥನಾಲ್ ಹಳೇ ಟ್ಯಾಂಕಿನ ಜಿಡ್ಡನ್ನೆಲ್ಲ ಕರಗಿಸಿ ತಂದು ಅಲ್ಲೇ ಕಟ್ಟಿಹಾಕುತ್ತದೆ. ಮುಂದಿನ ಮಳೆಗಾಲಕ್ಕೆ ಮುಚ್ಚಳದ ರಬ್ಬರ್ ಹೊಸದು ಹಾಕಿ, ಟ್ಯಾಂಕ್ ತುಂಬಿಸಿಡಿ. ವಾರಕ್ಕೊಮ್ಮೆ ಪೇಟೆ ತನಕ ಓಡಿಸಿ, ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದು.